ಪಫರ್ ಮೀನಿನ ಟ್ಯಾಂಕಿಗೆ ಉಪ್ಪು ಎಷ್ಟು? ಚಮಚದ ಲೆಕ್ಕ ಬಿಡಿ, ಅಳೆದು ಹಾಕಿ

ಪ್ರಶ್ನೆ: ನನ್ನ ಹತ್ತಿರ 120 ಲೀಟರ್ ಟ್ಯಾಂಕ್ ಇದೆ. ಎರಡು ತಿಂಗಳ ಹಿಂದೆ ಒಂದು ಗ್ರೀನ್ ಸ್ಪಾಟೆಡ್ ಪಫರ್ ತಂದೆ, ಉದ್ದ ಸುಮಾರು 4 ಸೆಂ.ಮೀ. ಸಿಹಿನೀರಿನ ಮೀನು ಅಂತ ಹೇಳಿ ಕೊಟ್ಟರು, ಬೇಕಿದ್ದರೆ 10 ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಅಂದರು. ಹಾಗೇ ಮಾಡಿದ್ದೇನೆ. ಈಗ ಒಂದು ವಾರದಿಂದ ಅದರ ಹೊಟ್ಟೆ ಕಪ್ಪಾಗಿದೆ, ಮೂಲೆ ಬಿಟ್ಟು ಬರುವುದಿಲ್ಲ, ತಿನ್ನುವುದೂ ಕಡಿಮೆಯಾಗಿದೆ. ನೀರಿನ ಉಪ್ಪಿನ ಅಳತೆ ಒಬ್ಬರು 1.005 ಇಡಿ ಅಂತಾರೆ, ಇನ್ನೊಬ್ಬರು 1.020 ಅಂತಾರೆ. ಉಪ್ಪು ಅಳೆಯುವ ನನ್ನ ಹೈಡ್ರೋಮೀಟರ್ ಒಂದು ತೋರಿಸಿದರೆ ಸ್ನೇಹಿತರ ರಿಫ್ರ್ಯಾಕ್ಟೋಮೀಟರ್ ಇನ್ನೊಂದು ತೋರಿಸುತ್ತದೆ. ಯಾವುದನ್ನು ನಂಬಲಿ? ಇದೇ ಟ್ಯಾಂಕಿಗೆ ಒಂದು ಫಿಗರ್ ಏಟ್ ಪಫರ್ ಕೂಡ ಬಿಡಬಹುದಾ?

ಉತ್ತರ: ಉಪ್ಪಿನ ಮಾತು ಆಮೇಲೆ. ಮೊದಲು ಇವತ್ತೇ ಅಮೋನಿಯಾ (ಮೀನಿನ ಹೊಲಸು, ಕೊಳೆತ ಊಟದಿಂದ ಬರುವ ವಿಷ) ಮತ್ತು ನೈಟ್ರೈಟ್ (ಆ ಅಮೋನಿಯಾದಿಂದ ಆಗುವ ಇನ್ನೊಂದು ವಿಷ) ಟೆಸ್ಟ್ ಮಾಡಿ. ಜೊತೆಗೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, ಅದನ್ನೂ ನೋಡಿ.

ಕಾರಣ ಹೇಳುತ್ತೇನೆ. ಹೊಟ್ಟೆ ಕಪ್ಪಾಗುವುದು, ಮೂಲೆ ಹಿಡಿಯುವುದು, ಊಟ ಬಿಡುವುದು, ಇವು ಮೀನಿಗೆ ಕಷ್ಟ ಆಗುತ್ತಿದೆ ಅಂತ ಮಾತ್ರ ಹೇಳುತ್ತವೆ. ಯಾವ ಕಷ್ಟ ಅಂತ ಹೇಳುವುದಿಲ್ಲ. ಉಪ್ಪು ಕಡಿಮೆಯಾದರೂ ಹೀಗಾಗಬಹುದು, ಆದರೆ ಎರಡು ತಿಂಗಳ ಟ್ಯಾಂಕಿನಲ್ಲಿ ನನ್ನ ಮೊದಲ ಅನುಮಾನ ಅಮೋನಿಯಾ ಮೇಲೆಯೇ. ಪಫರ್‌ಗಳು ಮಾಂಸ ತಿನ್ನುವ ಮೀನುಗಳು, ತಿನ್ನುವಾಗ ಚೂರುಚೂರು ಚೆಲ್ಲಾಡುತ್ತವೆ, ಆ ಚೂರುಗಳು ಮರಳಿನೊಳಗೆ ಸೇರಿ ಕೊಳೆಯುತ್ತವೆ, ಹೀಗಾಗಿ ಇದೇ ಗಾತ್ರದ ಬೇರೆ ಮೀನುಗಳಿಗಿಂತ ಇವು ನೀರನ್ನು ಬೇಗ ಕೆಡಿಸುತ್ತವೆ. (ರಾತ್ರಿ ದೀಪ ಆರಿಸಿದ ಮೇಲೆ ಮಲಗಿದ ಪಫರ್‌ನ ಹೊಟ್ಟೆ ಕಪ್ಪಾಗುವುದು ಸಹಜ. ಹಗಲಿಡೀ ಕಪ್ಪಾಗಿದ್ದರೆ ಮಾತ್ರ ಚಿಂತೆ.)

ಟೆಸ್ಟ್ ಮಾಡದೆ ಸುಮ್ನೆ ಉಪ್ಪು ಹಾಕಿದರೆ ಏನಾಗುತ್ತದೆ ಗೊತ್ತಾ? ನೀರಿನಲ್ಲಿರುವ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟೇನೂ ವಿಷವಲ್ಲದ ಅಮೋನಿಯಂ, ಇನ್ನೊಂದು ಕಿವಿರನ್ನೇ ಸುಡುವ ಅಮೋನಿಯಾ. ಯಾವುದು ಎಷ್ಟು ಅನ್ನುವುದನ್ನು ಮುಖ್ಯವಾಗಿ ಪಿಎಚ್ ನಿರ್ಧರಿಸುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷದ ರೂಪ ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದಾಗ ಅದು ಶೇ. 5ರ ಆಸುಪಾಸು. ಸಮುದ್ರದ ಉಪ್ಪಿನ ಮಿಶ್ರಣ ಪಿಎಚ್ ಅನ್ನು 8ರ ಕಡೆಗೇ ಎತ್ತುತ್ತದೆ. ಅಂದರೆ ಟೆಸ್ಟ್ ಕಿಟ್‌ನಲ್ಲಿ ಅದೇ ಬಣ್ಣ ಕಾಣುತ್ತಿರುತ್ತದೆ, ಆದರೆ ಮೀನಿಗೆ ತಗಲುವ ವಿಷ ಹತ್ತಿರ ಹತ್ತಿರ ಹತ್ತು ಪಟ್ಟು. ಒಳ್ಳೆಯದು ಮಾಡಲು ಹೋಗಿ ಮೀನು ಕಳೆದುಕೊಳ್ಳುವುದು ಹೀಗೇ. ಅಮೋನಿಯಾ ಅಥವಾ ನೈಟ್ರೈಟ್ ಸ್ವಲ್ಪ ಕಂಡರೂ ಕ್ಲೋರಿನ್ ತೆಗೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಎರಡೂ ಸೊನ್ನೆಗೆ ಬರುವ ತನಕ ದಿನ ಬಿಟ್ಟು ದಿನ ಬದಲಿಸುತ್ತಿರಿ. ಆಮೇಲೆ ಉಪ್ಪಿಗೆ ಕೈ ಹಾಕಿ.

ಈಗ ನಿಮ್ಮ ಚಮಚದ ಲೆಕ್ಕಕ್ಕೆ ಬರೋಣ. ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ. 10 ಲೀಟರಿಗೆ 6 ಗ್ರಾಂ ಅಂದರೆ ಲೀಟರಿಗೆ ಅರ್ಧ ಗ್ರಾಂ ಚಿಲ್ಲರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ನಿಮ್ಮ ಟ್ಯಾಂಕಿನಲ್ಲಿರುವುದು ಅದರ ಶೇ. 2 ಕೂಡ ಅಲ್ಲ. ಹೈಡ್ರೋಮೀಟರ್‌ನ ಮುಳ್ಳು ಅಲುಗಾಡುವಷ್ಟೂ ಇಲ್ಲ. ಹಾಗಾಗಿ ನಿಮ್ಮ ಮೀನು ಈ ಎರಡು ತಿಂಗಳೂ ಸಿಹಿನೀರಿನಲ್ಲೇ ಇದೆ ಅಂತ ತಿಳಿದುಕೊಂಡು ಶುರು ಮಾಡಿ. ಕೆಲವರು ನಮ್ಮ ಕೊಳವೆ ಬಾವಿಯ ನೀರು ಗಡಸು, ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಒಟ್ಟು ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 600 ಇದೆ, ಅದೇ ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಟಿಡಿಎಸ್ 600 ಅಂದರೂ ಲೀಟರಿಗೆ ಅರ್ಧ ಗ್ರಾಂ ಚಿಲ್ಲರೆಯೇ. ಗಡಸು ನೀರು ಬೇರೆ, ಸಿಹಿನೀರಿಗೂ ಸಮುದ್ರದ ನೀರಿಗೂ ನಡುವಿನ ಉಪ್ಪಿರುವ ಸವಳು ನೀರು ಬೇರೆ.

ಎಷ್ಟು ಉಪ್ಪು ಅನ್ನುವುದಕ್ಕೂ ಮುಂಚೆ ಯಾವ ಪಫರ್ ಅನ್ನುವುದು ಖಚಿತವಾಗಬೇಕು. ನಿಮಗೆ ಬಂದ ಎರಡು ಸಲಹೆಗಳು ಒಂದಕ್ಕೊಂದು ಅಷ್ಟು ದೂರ ಇರುವುದು ಬಹುಶಃ ಇದೇ ಕಾರಣಕ್ಕೆ. ಪಫರ್ ಅನ್ನುವ ಒಂದೇ ಹೆಸರಿನಡಿ ಜೀವಮಾನವಿಡೀ ಸಿಹಿನೀರಲ್ಲೇ ಇರುವವೂ ಇವೆ, ಅಪ್ಪಟ ಸಮುದ್ರದವೂ ಇವೆ. ಬೆರಳ ತುದಿಯಷ್ಟಿರುವ ಪೀ ಪಫರ್ ಪಶ್ಚಿಮ ಘಟ್ಟದ ಸಿಹಿನೀರಿನ ಮೀನು, ಅದಕ್ಕೆ ಉಪ್ಪು ಬೇಡವೇ ಬೇಡ. ಆಫ್ರಿಕಾದ ಫಹಾಕ ಮತ್ತು ಎಂಬು (Mbu) ಪಫರ್‌ಗಳೂ ಅಷ್ಟೇ. ಸವಳು ನೀರಿನ ಗುಂಪಿನಲ್ಲಿ ಟ್ಯಾಂಕಿಗೆ ಜಾಸ್ತಿ ಬರುವುದು ಎರಡು, ನಿಮ್ಮ ಹತ್ತಿರ ಇರುವ ಗ್ರೀನ್ ಸ್ಪಾಟೆಡ್ ಮತ್ತು ನೀವು ತರಬೇಕು ಅಂದುಕೊಂಡಿರುವ ಫಿಗರ್ ಏಟ್. ಮರಿಯಾಗಿದ್ದಾಗ ಇವೆರಡನ್ನೂ ಅದಲುಬದಲು ಮಾಡುವುದುಂಟು. ಬೆನ್ನ ಮೇಲೆ ಹಸಿರು ಹಳದಿ ಹಿನ್ನೆಲೆಯಲ್ಲಿ ಬಿಡಿ ಬಿಡಿ ದುಂಡು ಕಪ್ಪು ಚುಕ್ಕೆಗಳಿದ್ದರೆ ಗ್ರೀನ್ ಸ್ಪಾಟೆಡ್. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳು ಸುತ್ತಿ ಬಳಸಿ ಇಂಗ್ಲಿಷಿನ ಎಂಟರ ಆಕಾರ ಮಾಡಿದ್ದರೆ, ಹಿಂಭಾಗದಲ್ಲಿ ಉಂಗುರ ಹಾಕಿದ ಕಣ್ಣಿನಂಥ ಗುರುತಿದ್ದರೆ ಅದು ಫಿಗರ್ ಏಟ್. ದಯವಿಟ್ಟು ಹಗಲು ಬೆಳಕಿನಲ್ಲಿ ಮೇಲಿನಿಂದ ಒಂದು ಫೋಟೋ ತೆಗೆದು ಹೋಲಿಸಿ ನೋಡಿ. ಇದೊಂದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಗ್ರೀನ್ ಸ್ಪಾಟೆಡ್ ಪಫರ್ ಶ್ರೀಲಂಕಾದಿಂದ ಇಂಡೋನೇಷ್ಯಾ, ಚೀನಾದವರೆಗೆ ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಕಾಂಡ್ಲಾ ಕಾಡಿನ ನೀರಿನಲ್ಲಿ ಬದುಕುತ್ತದೆ. ಚಿಕ್ಕವು ಹೊಳೆಯ ಕಡೆಗೂ ಬರುತ್ತವೆ. ಹಾಗೆ ಸಿಹಿನೀರಲ್ಲಿ ಸಿಕ್ಕ ಮರಿಗಳು ಸಿಹಿನೀರಿನ ಮೀನು ಅಂತಲೇ ಮಾರಾಟವಾಗುತ್ತವೆ. ವಿಜ್ಞಾನಿಗಳಿಗೂ ಈ ಮೀನು ಚೆನ್ನಾಗಿ ಗೊತ್ತು. ಬೆನ್ನೆಲುಬಿರುವ ಪ್ರಾಣಿಗಳಲ್ಲೇ ತೀರಾ ಚಿಕ್ಕ ಜೀನೋಮ್ (ಪೂರ್ತಿ ಡಿಎನ್‌ಎ) ಇರುವವುಗಳಲ್ಲಿ ಇದೂ ಒಂದು, 2004ರಲ್ಲೇ ಇದರ ಜೀನೋಮ್ ವಿವರ ಪ್ರಕಟವಾಗಿದೆ. ಉಪ್ಪು ಏರಿಳಿದಾಗ ಇದರ ಕಿವಿರು ಹೇಗೆ ಹೊಂದಿಕೊಳ್ಳುತ್ತದೆ ಅನ್ನುವುದರ ಬಗ್ಗೆಯೂ ಸಾಕಷ್ಟು ಕೆಲಸ ಆಗಿದೆ.

ಆ ಕಿವಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಧಾನವಾಗಿ ಏರಿಸಿ ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಅನ್ನುವುದು ಅಲ್ಲೇ ಇದೆ. ಮೀನಿನ ರಕ್ತದಲ್ಲಿರುವ ಲವಣ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ. ಸಿಹಿನೀರಿನಲ್ಲಿದ್ದಾಗ ಹೊರಗಿನ ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ, ಒಳಗಿನ ಲವಣ ಹೊರಗೆ ಸೋರುತ್ತದೆ. ಮೀನು ತೆಳು ಮೂತ್ರ ಮಾಡಿ ನೀರು ಹೊರಹಾಕುತ್ತಾ, ಕಿವಿರಿನಿಂದ ಲವಣ ಎಳೆದುಕೊಳ್ಳುತ್ತಾ ಇರಬೇಕು. ಸಮುದ್ರದಲ್ಲಿ ಇದೆಲ್ಲ ತಿರುಗುಮುರುಗು. ನೀರು ಮೈಯಿಂದ ಹೊರಟು ಹೋಗುತ್ತದೆ, ಮೀನು ಉಪ್ಪುನೀರನ್ನೇ ಕುಡಿದು ಹೆಚ್ಚಿನ ಲವಣವನ್ನು ಕಿವಿರಿನಿಂದ ಆಚೆ ತಳ್ಳಬೇಕು. ಅಳಿವೆಯ ಮೀನುಗಳು ಎರಡೂ ಕೆಲಸ ಮಾಡಬಲ್ಲವು. ಆದರೆ ಒಂದರಿಂದ ಇನ್ನೊಂದಕ್ಕೆ ಹೊರಳಲು ಕಿವಿರಿನ ಜೀವಕೋಶಗಳೇ ಬದಲಾಗಬೇಕು, ಅದಕ್ಕೆ ದಿನಗಳು ಬೇಕು. ಎಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ಬದಲಾಯಿತು ಅನ್ನುವುದೇ ಮೀನನ್ನು ಕೊಲ್ಲುವುದು. ಅದರಲ್ಲೂ ಈಗಾಗಲೇ ಸೋತಿರುವ ಮೀನನ್ನು.

ಇನ್ನು ಅಂಕಿಗಳು. 1.005, 1.020 ಅನ್ನುವುದೆಲ್ಲ ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಅದೇ ಪ್ರಮಾಣದ ಶುದ್ಧ ನೀರಿಗಿಂತ ನಿಮ್ಮ ನೀರು ಎಷ್ಟು ಪಟ್ಟು ಭಾರ ಅನ್ನುವ ಅಳತೆ. ಶುದ್ಧ ನೀರು 1.000, ಸಮುದ್ರದ ನೀರು 1.025 ಅಥವಾ 1.026. ಕೆಲವು ಸಾಧನಗಳು ಪಿಪಿಟಿ ತೋರಿಸುತ್ತವೆ, ಅದು ಸಾವಿರ ಭಾಗ ನೀರಿಗೆ ಎಷ್ಟು ಭಾಗ ಲವಣ ಅನ್ನುವುದು. 0.001 ಏರಿದರೆ ಸುಮಾರು 1.3 ಪಿಪಿಟಿ ಏರಿದಂತೆ. ಆ ಲೆಕ್ಕದಲ್ಲಿ 1.005 ಅಂದರೆ ಆರೂವರೆ ಪಿಪಿಟಿ, 1.010 ಅಂದರೆ 13ರ ಸುಮಾರು, 1.015 ಅಂದರೆ 20. ನಿಮ್ಮ ಹೈಡ್ರೋಮೀಟರ್ ಮತ್ತು ಸ್ನೇಹಿತರ ರಿಫ್ರ್ಯಾಕ್ಟೋಮೀಟರ್ ಎರಡೂ ಒಂದೇ ಮಾನದಲ್ಲಿ ತೋರಿಸುತ್ತಿವೆಯಾ ಅಂತ ಮೊದಲು ನೋಡಿ.

ನಿಮ್ಮ 4 ಸೆಂ.ಮೀ. ಮರಿಗೆ ಸದ್ಯಕ್ಕೆ 1.005ರಿಂದ 1.008ರ ಒಳಗೆ ಎಲ್ಲಿದ್ದರೂ ಚೆನ್ನಾಗಿರುತ್ತದೆ. ನಾನಾದರೆ 1.006 ಗುರಿ ಇಟ್ಟುಕೊಳ್ಳುತ್ತೇನೆ. ಮೀನು ಬೆಳೆಯುತ್ತಾ ಹೋದಂತೆ ಉಪ್ಪೂ ಏರಲಿ, 8-10 ಸೆಂ.ಮೀ. ಆಗುವಷ್ಟರಲ್ಲಿ 1.015ರ ಹತ್ತಿರ. ದೊಡ್ಡದಾದ ಮೇಲೆ 1.015ರಿಂದ 1.018ರ ನಡುವೆ ಇಟ್ಟರೆ ಸಾಕು. ದೊಡ್ಡವನ್ನು ಪೂರ್ತಿ ಸಮುದ್ರದ ನೀರಿಗೇ ಒಯ್ಯಬೇಕು ಅಂತ ಹೇಳುವವರಿದ್ದಾರೆ. ಅಲ್ಲಿಯೂ ಈ ಮೀನು ಚೆನ್ನಾಗೇ ಬದುಕುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಡ್ಡಾಯ ಅಂತ ನನಗೆ ಅನಿಸುವುದಿಲ್ಲ. ಅಳಿವೆಯಲ್ಲಿ ಭರತ ಇಳಿತಕ್ಕೆ, ಮಳೆಗೆ ನೀರಿನ ಉಪ್ಪು ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಮೂರನೇ ದಶಮಾಂಶ ಒಂದು ಅಂಕಿ ಆಚೀಚೆ ಆಯಿತು ಅಂತ ನಿದ್ದೆಗೆಡಬೇಡಿ. ತೀರಾ ಕಡಿಮೆ ಉಪ್ಪಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ಮಾತ್ರ ನನ್ನ ವಿರೋಧವಿದೆ. ಮೀನು ತಕ್ಷಣ ಸಾಯುವುದಿಲ್ಲ, ಅದಕ್ಕೇ ಎಲ್ಲರೂ ಸರಿಯಾಗಿದೆ ಅಂದುಕೊಳ್ಳುತ್ತಾರೆ. ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟಬಲ್ಲ ಮೀನು ಬೆಳೆಯುವ ವಯಸ್ಸಿನಲ್ಲೇ ಸೊರಗಿ, ಸಣ್ಣಪುಟ್ಟ ರೋಗಕ್ಕೂ ಬಲಿಯಾಗುತ್ತದೆ.

ಯಾವ ಉಪ್ಪು ಅನ್ನುವುದರಲ್ಲಿ ರಾಜಿ ಬೇಡ. ಅಡುಗೆ ಉಪ್ಪಾಗಲಿ, ಅಕ್ವೇರಿಯಂ ಸಾಲ್ಟ್ ಅಂತ ಬರುವ ಪ್ಯಾಕೆಟ್ ಆಗಲಿ ಬರೀ ಸೋಡಿಯಂ ಕ್ಲೋರೈಡ್. ನಿಮಗೆ ಬೇಕಿರುವುದು ಸಮುದ್ರ ಮೀನುಗಳ ಟ್ಯಾಂಕಿಗೆ ಬಳಸುವ ಮರೀನ್ ಸಾಲ್ಟ್ ಮಿಕ್ಸ್. ಸಮುದ್ರದ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎರಡೂ ಸೇರಿ ಶೇ. 85ರಷ್ಟು. ಉಳಿದ ಶೇ. 15ರಲ್ಲಿ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಇರುತ್ತವೆ. ಪಿಎಚ್ ಅನ್ನು 7.8ರಿಂದ 8.3ರ ನಡುವೆ ಹಿಡಿದಿಡುವುದು ಬೈಕಾರ್ಬೊನೇಟ್. ಕಿವಿರಿನಿಂದ ಲವಣ ಸೋರದಂತೆ ತಡೆಯುವುದರಲ್ಲಿ ಕ್ಯಾಲ್ಸಿಯಂನ ಪಾತ್ರ ದೊಡ್ಡದು. ಅಡುಗೆ ಉಪ್ಪಿನಿಂದಲೂ ಹೈಡ್ರೋಮೀಟರ್ 1.006 ತೋರಿಸುತ್ತದೆ. ಅಂಕಿ ಸರಿ, ನೀರು ತಪ್ಪು. ತಳಕ್ಕೆ ಪುಡಿ ಹವಳ ಅಥವಾ ಅರಗೊನೈಟ್ ಅನ್ನುವ ಸುಣ್ಣದಂಶದ ಮರಳು ಹಾಕಿದರೆ ಪಿಎಚ್ ಕುಸಿಯದಂತೆ ಇನ್ನೊಂದು ಆಸರೆ ಸಿಗುತ್ತದೆ, ಆದರೆ ಉಪ್ಪಿನ ಮಿಶ್ರಣದ ಜಾಗವನ್ನು ಅದು ತುಂಬುವುದಿಲ್ಲ.

ಅಳತೆಯ ಸಾಧನಗಳಲ್ಲಿ ಯಾವುದನ್ನು ನಂಬಬೇಕು ಅಂತ ಕೇಳಿದ್ದೀರಿ. ಪರೀಕ್ಷೆ ಮಾಡದೆ ಎರಡನ್ನೂ ನಂಬಬೇಡಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏಳುವ ಹೈಡ್ರೋಮೀಟರ್ ಆದರೆ, ಮುಳ್ಳಿಗೆ ಅಂಟಿಕೊಂಡ ಗಾಳಿಗುಳ್ಳೆ ಅದನ್ನು ಮೇಲಕ್ಕೆತ್ತಿ ಉಪ್ಪು ಜಾಸ್ತಿ ಅಂತ ತೋರಿಸುತ್ತದೆ, ಒಣಗಿದ ಉಪ್ಪು ಹರಳುಗಟ್ಟಿದ್ದರೆ ಮುಳ್ಳು ಭಾರವಾಗಿ ಕಡಿಮೆ ತೋರಿಸುತ್ತದೆ. ಸಮತಟ್ಟು ಜಾಗದಲ್ಲಿಟ್ಟು, ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಒಂದೆರಡು ನಿಮಿಷ ಬಿಟ್ಟು ಓದಿ. ಪ್ರತಿ ಸಲ ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ತೇಲುವ ಗಾಜಿನ ಹೈಡ್ರೋಮೀಟರ್ ಇದಕ್ಕಿಂತ ವಾಸಿ, ಆದರೆ ಅದನ್ನು ಯಾವ ಉಷ್ಣಾಂಶಕ್ಕೆ ಹೊಂದಿಸಿದ್ದಾರೆ ಅಂತ ಮೈಮೇಲೆ ಬರೆದಿರುತ್ತದೆ, ಕೆಲವು 15 ಡಿಗ್ರಿಯ ಹತ್ತಿರ, ಕೆಲವು 25. ನೀರು ಬಿಸಿಯಾದರೆ ಹಗುರ. ಹಾಗಾಗಿ 15 ಡಿಗ್ರಿಗೆ ಮಾಡಿದ್ದನ್ನು 26 ಡಿಗ್ರಿಯ ಟ್ಯಾಂಕಿಗೆ ಬಿಟ್ಟರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ರಿಫ್ರ್ಯಾಕ್ಟೋಮೀಟರ್ ನನ್ನ ಆಯ್ಕೆ. ಎರಡು ಹನಿ ಸಾಕು, ಗುಳ್ಳೆಯ ಕಾಟ ಇಲ್ಲ. ಹನಿ ಹಾಕಿ ಮುಚ್ಚಳ ಮುಚ್ಚಿ ಅರ್ಧ ನಿಮಿಷ ಬಿಡಿ, ಹನಿಯೂ ಗಾಜೂ ಒಂದೇ ಉಷ್ಣಾಂಶಕ್ಕೆ ಬರಲಿ. ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಹೊಂದಿಸಿ. ಸಮುದ್ರದ ಟ್ಯಾಂಕಿನವರು 35 ಪಿಪಿಟಿ ದ್ರಾವಣದಿಂದ ಹೊಂದಿಸಬೇಕು ಅಂತಾರೆ, ಅವರಿಗೆ ಅದು ಸರಿಯೇ, ಯಾಕೆಂದರೆ ಎಷ್ಟೋ ರಿಫ್ರ್ಯಾಕ್ಟೋಮೀಟರ್‌ಗಳು ಸಮುದ್ರದ ನೀರಿಗಲ್ಲ, ಬರೀ ಉಪ್ಪಿನ ದ್ರಾವಣಕ್ಕೆ ಅಂತ ಮಾಡಿದವು, ಮೇಲೆ ಹೋದಂತೆ ಅವುಗಳ ತಪ್ಪು ಬೆಳೆಯುತ್ತದೆ. ನಿಮ್ಮ ಕೆಲಸ ಸದ್ಯ ಸೊನ್ನೆಗೆ ಹತ್ತಿರದ ಅಂಕಿಗಳಲ್ಲಿ. ಅಲ್ಲಿ ಆ ತಪ್ಪು ಲೆಕ್ಕಕ್ಕೆ ಬರುವಷ್ಟಿಲ್ಲ. ನಿಮ್ಮ ಹೈಡ್ರೋಮೀಟರ್ ಅನ್ನೂ ಅದೇ ಡಿಸ್ಟಿಲ್ಡ್ ವಾಟರ್‌ನಲ್ಲಿ ನೋಡಿ. 1.000 ಬದಲು 1.002 ತೋರಿಸಿದರೆ ಅದನ್ನು ಬಿಸಾಡಬೇಕಿಲ್ಲ, ಮುಂದೆ ಓದುವಾಗ 0.002 ಕಳೆದು ಬರೆದುಕೊಳ್ಳಿ. ಎರಡು ಸಾಧನಗಳ ನಡುವಿನ ಜಗಳ ಬಹುಪಾಲು ಇಲ್ಲೇ ಮುಗಿಯುತ್ತದೆ.

ಈಗ ಏರಿಸುವ ಕೆಲಸ. ವಾರಕ್ಕೆ 0.002 ಮೀರಬೇಡಿ. ಅಮೋನಿಯಾ ಸೊನ್ನೆಗೆ ಬಂದು, ಮೀನು ಮತ್ತೆ ತಿನ್ನಲು ಶುರು ಮಾಡಿದ ಮೇಲೇ ಮೊದಲ ಹೆಜ್ಜೆ. ನಿಮ್ಮ ಟ್ಯಾಂಕ್ 120 ಲೀಟರ್ ಅಂದರೂ ಗಾಜಿನ ದಪ್ಪ, ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 100 ಲೀಟರ್ ಇರುತ್ತದೆ. ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಮರೀನ್ ಸಾಲ್ಟ್‌ನಲ್ಲಿ ಸ್ವಲ್ಪ ತೇವವೂ ಇರುವುದರಿಂದ ಒಂದು ಲೀಟರ್ ನೀರನ್ನು 0.001 ಏರಿಸಲು ಸುಮಾರು 1.4 ಗ್ರಾಂ ಬೇಕಾಗುತ್ತದೆ. ತೂಕ ಮಾಡಿಯೇ ಹಾಕಿ, ಕಪ್ ಅಥವಾ ಚಮಚದ ಅಳತೆ ಬೇಡ, ಒಂದೊಂದು ಉಪ್ಪಿನ ಹರಳು ಒಂದೊಂದು ಗಾತ್ರ ಇರುವುದರಿಂದ ಒಂದೇ ಕಪ್ಪಿನಲ್ಲಿ ತೂಕ ಬೇರೆ ಬೇರೆಯಾಗುತ್ತದೆ.

ಉಪ್ಪನ್ನು ಟ್ಯಾಂಕಿಗೆ ನೇರವಾಗಿ ಎಂದೂ ಸುರಿಯಬೇಡಿ. ಕರಗದ ಹರಳು ಪಫರ್‌ನ ಮೈಗೆ ತಾಗಿದರೆ ಸುಡುತ್ತದೆ, ಈ ಮೀನಿಗೆ ಬೇರೆ ಮೀನುಗಳ ಹಾಗೆ ಹೊದಿಕೆಯಂತಿರುವ ಹುರುಪೆಗಳಿಲ್ಲ. ವಾರದ ನೀರು ಬದಲಾವಣೆಯಲ್ಲೇ ಏರಿಸಿ. ನಾಲ್ಕನೇ ಒಂದು ಭಾಗ, ಅಂದರೆ 25 ಲೀಟರ್ ತೆಗೆಯುತ್ತೀರಿ ಅಂತಿಟ್ಟುಕೊಳ್ಳಿ. ಉಳಿದ 75 ಲೀಟರ್ ಹಳೆಯ ಅಂಕಿಯಲ್ಲೇ ಇರುತ್ತದೆ, ಹೊಸ 25 ಲೀಟರ್ ಇಡೀ ಟ್ಯಾಂಕಿನ ಏರಿಕೆಯನ್ನು ಹೊರಬೇಕು. ಆದ್ದರಿಂದ ಹೊಸ ನೀರು ಗುರಿಗಿಂತ ಏರಿಕೆಯ ಮೂರು ಪಟ್ಟು ಮೇಲಿರಬೇಕು. ಮೊದಲ ವಾರ 1.000ದಿಂದ 1.002ಕ್ಕೆ ಹೋಗಲು ಹೊಸ ನೀರು 1.008 ಇರಬೇಕು, ಅದಕ್ಕೆ 25 ಲೀಟರಿಗೆ ಸುಮಾರು 280 ಗ್ರಾಂ. ಎರಡನೇ ವಾರ 1.004ಕ್ಕೆ ಹೋಗಲು 1.010ರ ನೀರು, 350 ಗ್ರಾಂ. ಮೂರನೇ ವಾರ 1.006ಕ್ಕೆ 1.012ರ ನೀರು, 420 ಗ್ರಾಂ. ಗ್ರಾಂ ಲೆಕ್ಕ ಶುರು ಮಾಡಲು ಮಾತ್ರ, ಕೊನೆಯ ತೀರ್ಪು ಸಾಧನದ್ದೇ. ಬಕೆಟ್ಟಿನಲ್ಲಿ ಅಳೆದು, ಟ್ಯಾಂಕಿಗೆ ಹಾಕಿ, ಮರುದಿನ ಟ್ಯಾಂಕಿನಲ್ಲಿ ಮತ್ತೆ ಅಳೆಯಿರಿ.

ಹಿಂದಿನ ದಿನವೇ ಬಕೆಟ್ಟಿನಲ್ಲಿ ಕ್ಲೋರಿನ್ ತೆಗೆದ ನೀರಿಗೆ ಉಪ್ಪು ಹಾಕಿ, ಒಂದು ಚಿಕ್ಕ ಪಂಪ್ ಅಥವಾ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ರಾತ್ರಿಯಿಡೀ ತಿರುಗಲಿ. ಆಗ ತಾನೇ ಕಲಸಿದ ಮಿಶ್ರಣದ ಪಿಎಚ್ ನಿಂತಿರುವುದಿಲ್ಲ, ಓದುವ ಅಂಕಿಯೂ ನಿಂತಿರುವುದಿಲ್ಲ. ಉಷ್ಣಾಂಶ ಟ್ಯಾಂಕಿನಷ್ಟೇ ಇರಲಿ. ಏರಿಸುವ ವಾರಗಳಲ್ಲಿ ಹೊಸ ನೀರು ಟ್ಯಾಂಕಿಗಿಂತ ಜಾಸ್ತಿ ಉಪ್ಪಿರುವುದರಿಂದ ಒಮ್ಮೆಲೇ ಸುರಿಯದೆ ಸಣ್ಣ ಪೈಪಿನಲ್ಲಿ ಫಿಲ್ಟರ್ ನೀರು ಬೀಳುವ ಜಾಗಕ್ಕೆ ಒಂದೆರಡು ಗಂಟೆ ತೆಗೆದುಕೊಂಡು ಬಿಡಿ.

1.006 ತಲುಪಿದ ಮೇಲೆ ಒಂದೆರಡು ತಿಂಗಳು ಅಲ್ಲೇ ನಿಲ್ಲಿ. ಆಗಿನಿಂದ ಬದಲಿಸುವ ನೀರು ಟ್ಯಾಂಕಿನಷ್ಟೇ ಉಪ್ಪಿರಬೇಕು, ಜಾಸ್ತಿಯೂ ಬೇಡ ಕಡಿಮೆಯೂ ಬೇಡ. ನಂತರ ತಿಂಗಳಿಗೆ 0.001 ಏರಿಸುತ್ತಾ ಹೋದರೂ ಅವಸರ ಇಲ್ಲ, ಮೀನು ಅಷ್ಟೇ ನಿಧಾನವಾಗಿ ಬೆಳೆಯುತ್ತದೆ.

ಇಷ್ಟೆಲ್ಲ ನಿಧಾನ ಬರೀ ಮೀನಿಗಲ್ಲ. ಫಿಲ್ಟರ್‌ನಲ್ಲಿ ಅಮೋನಿಯಾ ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಉಪ್ಪು ಏರಿದಾಗ ತತ್ತರಿಸುತ್ತವೆ, ಕೆಲವು ಸಾಯುತ್ತವೆ, ಉಪ್ಪು ತಡೆಯುವವು ಅವುಗಳ ಜಾಗಕ್ಕೆ ಬರಲು ಸಮಯ ಬೇಕು. ನನ್ನ ಪ್ರಕಾರ ಸವಳು ನೀರಿನ ಟ್ಯಾಂಕಿನಲ್ಲಿ ಜನ ಮರೆಯುವುದು ಇದನ್ನೇ. ಮೀನಿಗೆ ಹೊಂದುವ ವೇಗ ಅಂತ ಲೆಕ್ಕ ಹಾಕುತ್ತಾರೆ, ಫಿಲ್ಟರ್‌ಗೆ ಹೊಂದುವ ವೇಗ ನೋಡುವುದಿಲ್ಲ. ಏರಿಸುವ ವಾರಗಳಲ್ಲಿ ವಾರಕ್ಕೆ ಎರಡು ಸಲ ಅಮೋನಿಯಾ, ನೈಟ್ರೈಟ್ ನೋಡಿ. ಕಂಡರೆ ಏರಿಕೆ ನಿಲ್ಲಿಸಿ, ಟ್ಯಾಂಕಿನಷ್ಟೇ ಉಪ್ಪಿರುವ ನೀರಿನಿಂದ ಬದಲಿಸಿ, ಸೊನ್ನೆಯಾಗಿ ಒಂದು ವಾರ ಆದ ಮೇಲೆ ಮುಂದುವರಿಸಿ. ಇಲ್ಲಿ ಒಂದು ಸಮಾಧಾನ ಇದೆ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಅನ್ನು ಕಿವಿರಿನೊಳಗೆ ನುಸುಳಲು ಬಿಡದೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಸವಳು ನೀರಿನಲ್ಲಿ ನೈಟ್ರೈಟ್‌ನ ಪೆಟ್ಟು ಕಡಿಮೆ. ಅಮೋನಿಯಾಗೆ ಅಂಥ ಅಡ್ಡಿ ಯಾವುದೂ ಇಲ್ಲ. ಫಿಲ್ಟರ್ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ಕೆಳಗೆ ಹಿಡಿದರೆ ಕ್ಲೋರಿನ್ ಜೊತೆಗೆ ಸಿಹಿನೀರಿನ ಪೆಟ್ಟೂ ಸೇರಿ ಆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ.

ನೀರು ಆವಿಯಾಗುವುದರ ಬಗ್ಗೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 1.015 ಇದ್ದ 100 ಲೀಟರಿನಲ್ಲಿ 10 ಲೀಟರ್ ಆವಿಯಾದರೆ ಅಂಕಿ 1.0165 ದಾಟಿರುತ್ತದೆ. ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದ ತುಂಬಿದರೆ ವಾರ ವಾರಕ್ಕೂ ಉಪ್ಪು ಏರುತ್ತಾ ಹೋಗುತ್ತದೆ, ಇದು ತುಂಬಾ ಕಡೆ ನಡೆಯುವ ತಪ್ಪು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಗೆರೆಯಿಂದ ಇಳಿದಷ್ಟನ್ನು ಕ್ಲೋರಿನ್ ಇಲ್ಲದ ಸಿಹಿನೀರಿನಿಂದಲೇ ತುಂಬಿ, ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಉಪ್ಪು ಅಳೆಯುವಾಗಲೂ ಮೊದಲು ಗೆರೆಗೆ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಇಲ್ಲದಿದ್ದರೆ ಇವತ್ತಿನ ಅಂಕಿಯನ್ನು ಹೋದ ವಾರದ್ದಕ್ಕೆ ಹೋಲಿಸಲು ಆಗುವುದಿಲ್ಲ.

ಉಪ್ಪು ಏರಿದಂತೆ ಟ್ಯಾಂಕಿನ ಬೇರೆ ಜೀವಗಳ ಬಗ್ಗೆಯೂ ಯೋಚಿಸಿ. ಜಾವಾ ಫರ್ನ್, ಅನುಬಿಯಾಸ್ ಇದ್ದರೆ ಸುಮಾರು 1.005ರವರೆಗೆ ತಡೆದುಕೊಳ್ಳುತ್ತವೆ, ಅದರಾಚೆ ಕೊಳೆಯಲು ಶುರುವಾಗುತ್ತವೆ, ಕೊಳೆಯುವ ಮುಂಚೆಯೇ ತೆಗೆದುಬಿಡಿ. ಪಫರ್‌ಗೆ ಹಲ್ಲು ಸವೆಸಲು ಬಸವನಹುಳು ಕೊಡುತ್ತಿದ್ದರೆ ಕೊಡಿ, ಅದು ಬೇಕೇ ಬೇಕು. ಆದರೆ ಸಿಹಿನೀರಿನ ಬಸವನಹುಳುಗಳು ಸವಳು ನೀರಿನಲ್ಲಿ ಜಾಸ್ತಿ ಹೊತ್ತು ಬದುಕುವುದಿಲ್ಲ. ತಿನ್ನುವಷ್ಟು ಮಾತ್ರ ಬಿಟ್ಟು, ಉಳಿದದ್ದನ್ನು ಅದೇ ದಿನ ತೆಗೆಯಿರಿ. ಚಿಪ್ಪಿನೊಳಗೆ ಸತ್ತ ಒಂದು ಹುಳು ಸಾಕು ಅಮೋನಿಯಾ ಏರಿಸಲು.

ಕೊನೆಗೆ ಫಿಗರ್ ಏಟ್ ವಿಷಯ. ಬೇಡ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ, ಅದೂ ತುಂಬಾ ಚೆಂದದ ಮೀನು. ಅದು 8 ಸೆಂ.ಮೀ. ಆಸುಪಾಸಿಗೆ ನಿಲ್ಲುತ್ತದೆ, ಅದಕ್ಕೆ ಬೇಕಿರುವುದು 1.005ರ ಸುತ್ತಮುತ್ತಲಿನ ತೆಳು ಸವಳು ನೀರು. ಪ್ರಕೃತಿಯಲ್ಲಿ ಸಿಹಿನೀರಲ್ಲೂ ಸಿಗುವ ಮೀನಾದ್ದರಿಂದ ಅದನ್ನು 1.008ರಾಚೆ ಎಳೆಯಲು ಕಾರಣವೇ ಇಲ್ಲ. ನಿಮ್ಮ ಗ್ರೀನ್ ಸ್ಪಾಟೆಡ್ 15 ಸೆಂ.ಮೀ. ತನಕ ಬೆಳೆಯುತ್ತದೆ, ದೊಡ್ಡದಾದ ಮೇಲೆ ಅದಕ್ಕೆ ಫಿಗರ್ ಏಟ್‌ನ ಮೂರರಷ್ಟು ಉಪ್ಪು ಬೇಕಾಗುತ್ತದೆ. ಈಗ ಮರಿಯಾಗಿರುವಾಗ 1.006ರಲ್ಲಿ ಎರಡೂ ಇರಬಲ್ಲವು ಅನಿಸಬಹುದು. ಒಂದು ವರ್ಷದಲ್ಲಿ ಯಾರಿಗಾದರೂ ಒಬ್ಬರಿಗೆ ತಪ್ಪು ನೀರು ಸಿಕ್ಕೇ ಸಿಗುತ್ತದೆ. ಅದಕ್ಕೂ ಮುಂಚೆ ದೊಡ್ಡದು ಚಿಕ್ಕದರ ರೆಕ್ಕೆ ಕಚ್ಚಿ ಹಾಕಿರುತ್ತದೆ. 120 ಲೀಟರ್ ಅನ್ನುವುದು ಒಂದು ಗ್ರೀನ್ ಸ್ಪಾಟೆಡ್‌ಗೇ ಮುಂದೆ ಇಕ್ಕಟ್ಟಾಗುವ ಜಾಗ. ಫಿಗರ್ ಏಟ್ ಸಾಕಲೇಬೇಕು ಅಂದರೆ ಅದಕ್ಕೆ ಬೇರೆಯೇ 60 ಲೀಟರಿನ ಟ್ಯಾಂಕ್ ಮಾಡಿ, ಬೇರೆ ಬಕೆಟ್ ಇಟ್ಟುಕೊಳ್ಳಿ, ಎರಡರ ಉಪ್ಪುನೀರು ಅದಲುಬದಲಾಗದಂತೆ ಬಕೆಟ್ ಮೇಲೆ ಅಂಕಿ ಬರೆದಿಡಿ.

ಟೆಸ್ಟ್ ಮಾಡಿದ ಮೇಲೆ ಅಮೋನಿಯಾ, ನೈಟ್ರೈಟ್, ಪಿಎಚ್, ಉಷ್ಣಾಂಶ ನಾಲ್ಕೂ ಬರೆದು ಕಳಿಸಿ. ಅಮೋನಿಯಾ ಸೊನ್ನೆಯೇ ಇದ್ದು ಮೀನು ಇನ್ನೂ ಕಪ್ಪಾಗಿದ್ದರೆ, ಬಾಯಿ ತೆರೆದಾಗ ಹಲ್ಲು ಎಷ್ಟು ಉದ್ದ ಇದೆ ಅಂತ ನೋಡಿ ಅದನ್ನೂ ತಿಳಿಸಿ. ಹಲ್ಲು ಬೆಳೆದು ಬಾಯಿ ಮುಚ್ಚಲಾಗದ ಪಫರ್ ಕೂಡ ಊಟ ಬಿಟ್ಟು ಮೂಲೆ ಸೇರುತ್ತದೆ, ಅದಕ್ಕೆ ಉಪ್ಪಿನಲ್ಲಿ ಪರಿಹಾರ ಇಲ್ಲ.